ಗಡ್ಡಕ್ಕೂ ಬಂತು ನಾಟಿ ಕಾಲ

ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಬೆಳಿಗ್ಗೆ ಕಲಬುರಗಿಗೆ ಹೊರಡುವ ಬಸ್ಸುಗಳಲ್ಲಿ ಕಾಲೇಜು ಹುಡುಗರದ್ದೇ ದರಬಾರು. ಅವರ ಮೊಬೈಲ್‌ನಲ್ಲಿ ಕ್ರಿಕೆಟ್, ರೀಲ್ಸ್ ನಡುವೆ ಈಗ ಹೊಸ ಜಾಹೀರಾತೊಂದು ಇಣುಕುತ್ತಿದೆ. ಎಡಕ್ಕೆ ಬೋಳು ಕೆನ್ನೆ, ಬಲಕ್ಕೆ ದಟ್ಟ ಗಡ್ಡ, ಕೆಳಗೆ ‘ಸುಲಭ ಕಂತು ಲಭ್ಯ’. ಅದೇ ಗಡ್ಡದ ಕೂದಲು ಕಸಿ!

2018ರ ಡಿಸೆಂಬರ್‌ನಲ್ಲಿ ‘ಕೆಜಿಎಫ್’ ಬಂದಾಗ ನಾವಿನ್ನೂ ಶಾಲೆಯ ಹುಡುಗರು. ರಾಕಿ ಭಾಯ್ ಗಡ್ಡ ನೋಡುತ್ತಲೇ ದೊಡ್ಡವರಾದೆವು. ಆದರೆ ಎಲ್ಲರ ಕೆನ್ನೆಯೂ ಯಶ್ ಕೆನ್ನೆಯಲ್ಲವಲ್ಲ! ನನ್ನದೂ ಅಲ್ಲಲ್ಲಿ ಖಾಲಿ. ‘ಏನಲೇ, ಬಿತ್ತಿದ್ದು ಇನ್ನಾ ನಾಟಿಲ್ಲೇನು?’ ಎಂದು ಗೆಳೆಯರು ಕಿಚಾಯಿಸುತ್ತಾರೆ. ನಗುತ್ತೇನೆ. ಆದರೆ ಎಲ್ಲರಿಗೂ ನಗಲು ಆಗುವುದಿಲ್ಲ. ಜೇವರ್ಗಿ ಕಡೆಯ ಗೆಳೆಯನೊಬ್ಬ ಈ ಮಾತಿಗೆ ನೊಂದು ಗ್ರೂಪ್ ಫೋಟೊಗೆ ನಿಲ್ಲುವುದನ್ನೇ ಬಿಟ್ಟ. ಕಸಿಗೆ ಸಾಲ ಸಿಗುತ್ತದಾ ಎಂದೂ ವಿಚಾರಿಸುತ್ತಿದ್ದ. ಅವನಿಗಾಗಿಯೇ ಈ ವಿಷಯ ಓದಲು ಕುಳಿತೆ.

ತಲೆಯ ಹಿಂಭಾಗದಿಂದ ಬೇರುಸಹಿತ ಕೂದಲು ಒಂದೊಂದಾಗಿ ತೆಗೆದು, ಕೆನ್ನೆಯಲ್ಲಿ ಸಣ್ಣ ರಂಧ್ರ ಮಾಡಿ ನೆಡುವುದೇ ಈ ಕಸಿ. ಪೂರ್ತಿ ಗಡ್ಡಕ್ಕೆ ಎರಡು ಸಾವಿರದಷ್ಟು ಬೇರುಗಳೂ ಬೇಕಾಗಬಹುದು. ಗಡ್ಡದ ಕೂದಲು ಚರ್ಮಕ್ಕೆ ಒರಗಿದಂತೆ ಬೆಳೆಯುತ್ತದೆ. ನೆಡುವ ಕೋನ ತಪ್ಪಿದರೆ ಮುಳ್ಳಿನಂತೆ ಎದ್ದು ನಿಲ್ಲುತ್ತದೆ. ನೆಟ್ಟ ಕೂದಲು ಕೆಲವು ವಾರಗಳಲ್ಲಿ ಉದುರಿ, ತಿಂಗಳುಗಳ ನಂತರ ಮತ್ತೆ ಚಿಗುರುತ್ತದೆ. ಪೂರ್ತಿ ಫಲ ಕಾಣಲು ಸುಮಾರು ಒಂದು ವರ್ಷ ಬೇಕು. ನಮ್ಮ ಎಂಜಿನಿಯರಿಂಗ್ ಭಾಷೆಯಲ್ಲಿ ಹೇಳುವುದಾದರೆ ಇದು ಹೊಸ ಉತ್ಪಾದನೆ ಅಲ್ಲ, ಬರೀ ವರ್ಗಾವಣೆ. ತೆಗೆದ ಜಾಗದಲ್ಲಿ ಮತ್ತೆ ಬೆಳೆಯುವುದಿಲ್ಲ. ಮುಂದೆ ತಲೆ ಬೋಳಾದರೆ ಕಸಿಗೆ ಬೇಕಾದ ದಾಸ್ತಾನು ಅಷ್ಟರಮಟ್ಟಿಗೆ ಖಾಲಿ.

ಸುಟ್ಟ ಗಾಯ, ಅಪಘಾತದ ಕಲೆ ಇರುವವರಿಗೆ ಈ ಚಿಕಿತ್ಸೆ ನಿಜಕ್ಕೂ ವರ. ಆದರೆ ಇಪ್ಪತ್ತರ ನಮಗೆ? ಗಡ್ಡ ತುಂಬಿಕೊಳ್ಳುವುದು ಇಪ್ಪತ್ತರ ಹರೆಯದುದ್ದಕ್ಕೂ ನಡೆಯುವ ಕೆಲಸ. ಹಾರ್ಮೋನು ಮತ್ತು ವಂಶವಾಹಿ ಅದನ್ನು ನಿರ್ಧರಿಸುತ್ತವೆ. ದಿನಾ ಬೋಳಿಸಿದರೆ ದಪ್ಪ ಬರುತ್ತದೆ ಎಂಬ ಮಾತನ್ನು 1928ರಲ್ಲೇ ಮಿಲ್ಡ್ರೆಡ್ ಟ್ರಾಟರ್ ಎಂಬ ಅಮೆರಿಕದ ವಿಜ್ಞಾನಿ ಪ್ರಯೋಗ ಮಾಡಿ ಸುಳ್ಳೆಂದು ತೋರಿಸಿದ್ದಾರೆ. ಹುಡುಗರು ಹಚ್ಚಿಕೊಳ್ಳುವ ಮಿನಾಕ್ಸಿಡಿಲ್ ಮೂಲತಃ ರಕ್ತದೊತ್ತಡದ ಔಷಧಿ. ಅದಕ್ಕೆ ಒಪ್ಪಿಗೆ ಸಿಕ್ಕಿದ್ದು ತಲೆಗೂದಲಿಗೇ ಹೊರತು ಗಡ್ಡಕ್ಕಲ್ಲ.

ಅಪಾಯವನ್ನೂ ಮರೆಯಬಾರದು. 2016ರಲ್ಲಿ ಚೆನ್ನೈನಲ್ಲಿ ತಲೆಗೂದಲು ಕಸಿ ಮಾಡಿಸಿಕೊಂಡ ವೈದ್ಯಕೀಯ ವಿದ್ಯಾರ್ಥಿ ಮೃತಪಟ್ಟ. ಕಾನ್ಪುರದಲ್ಲಿ ಕಸಿಯ ನಂತರ ಇಬ್ಬರು ಎಂಜಿನಿಯರ್‌ಗಳು ಜೀವ ಕಳೆದುಕೊಂಡದ್ದು 2025ರಲ್ಲಿ ಸುದ್ದಿಯಾಯಿತು. ಯೂಟ್ಯೂಬ್ ನೋಡಿ, ಕಾರ್ಯಾಗಾರಕ್ಕೆ ಹೋಗಿ ಕಲಿತವರು ಕಸಿ ಮಾಡಕೂಡದು, ಶಸ್ತ್ರಚಿಕಿತ್ಸೆಯ ತರಬೇತಿ ಪಡೆದ ನೋಂದಾಯಿತ ವೈದ್ಯರೇ ಮಾಡಬೇಕು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ.

ಇನ್ನು ದುಡ್ಡಿನ ಲೆಕ್ಕ. ಖರ್ಚು ಒಂದು ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. 2025–26ರ ತೊಗರಿ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ಅಂದರೆ ಹನ್ನೆರಡೂವರೆ ಕ್ವಿಂಟಲ್ ತೊಗರಿ ಒಂದು ಗಡ್ಡಕ್ಕೆ! ಮಳೆ ನಂಬಿದ ಹೊಲದಲ್ಲಿ ಅಷ್ಟು ಬೆಳೆಯಲು ಅಪ್ಪ, ಅವ್ವ ಎಷ್ಟು ಬೆವರು ಹರಿಸಬೇಕು ಎಂಬುದು ನಮ್ಮ ಮೂರೂ ತಾಲ್ಲೂಕಿನ ಹುಡುಗರಿಗೆ ಹೇಳಿಕೊಡಬೇಕಿಲ್ಲ.

ಕೆನ್ನೆಯಲ್ಲಿ ದುಂಡಗೆ ಕೂದಲು ಉದುರಿದ್ದರೆ ‘ಹುಳ ತಿಂದಿದೆ’ ಎಂದು ಈರುಳ್ಳಿ ಉಜ್ಜುತ್ತ ಕೂರಬೇಡಿ, ಚರ್ಮರೋಗ ತಜ್ಞರಿಗೆ ತೋರಿಸಿ. ಅದು ಔಷಧಿಗೆ ಬಗ್ಗುವ ಕಾಯಿಲೆಯೂ ಆಗಿರಬಹುದು. ಕಸಿ ಬೇಕೇಬೇಕು ಎನ್ನುವವರು ಮೊದಲು ವೈದ್ಯರ ಹೆಸರು, ಪದವಿ, ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ರಂಧ್ರ ಮಾಡುವವರು, ಕೂದಲು ನೆಡುವವರು ಯಾರು ಎಂದೂ ಕೇಳಿ. ಉತ್ತರಿಸಲು ತಡವರಿಸಿದರೆ ಎದ್ದು ಬನ್ನಿ.

ಗೆಳೆಯನಿಗೂ ಇದನ್ನೇ ಹೇಳಿದ್ದೇನೆ. ಅವನು ಸದ್ಯಕ್ಕೆ ಸಾಲದ ವಿಚಾರ ಬಿಟ್ಟಿದ್ದಾನೆ. ನಾವೂ ಅವನನ್ನು ಕಿಚಾಯಿಸುವುದು ಬಿಟ್ಟಿದ್ದೇವೆ. ಬಹುಶಃ ಅವನಿಗೆ ಬೇಕಿದ್ದ ಮೊದಲ ಚಿಕಿತ್ಸೆ ಅದೇ ಇರಬೇಕು.