ಚಡ್ಡಿ ಹಾಕಿದ ಕ್ರಿಸ್‌ಮಸ್ ತಾತ! ಕೆಲಸವಿಲ್ಲದ ಭಾವ!

ಕ್ರಿಸ್‌ಮಸ್ ತಾತ ಚಡ್ಡಿ ಹಾಕಿಕೊಂಡು ನಿಂತಿದ್ದನ್ನು ಎಲ್ಲಾದರೂ ನೋಡಿದ್ದೀರಾ? ನಾನು ನೋಡಿದೆ! ಮೆಲ್ಬರ್ನಿನ ಒಂದು ಅಂಗಡಿ ಮುಂದೆ. ಕಣ್ಣಿಗೆ ಕೂಲಿಂಗ್ ಗ್ಲಾಸ್, ಕಾಲಿಗೆ ಹವಾಯಿ ಚಪ್ಪಲಿ. ಗಡ್ಡ ಮಾತ್ರ ಅದೇ ಬಿಳಿ ಹತ್ತಿ. ಸಿನಿಮಾದ ಕ್ರಿಸ್‌ಮಸ್ ಅಂದರೆ ಹಿಮ ಬೀಳಲೇಬೇಕು, ನಾಯಕಿ ಉಣ್ಣೆ ಟೋಪಿ ಹಾಕಲೇಬೇಕು. ಆಸ್ಟ್ರೇಲಿಯಾದಲ್ಲಿ ಡಿಸೆಂಬರ್ ಅಂದರೆ ಬೇಸಿಗೆ ಸ್ವಾಮೀ! ಸೂರ್ಯ ಮುಳುಗುವುದು ರಾತ್ರಿ ಎಂಟೂವರೆ ದಾಟಿದ ಮೇಲೆ.

ಇದು 2024ರ ಮಾತು. ಪಿಯುಸಿ ಅರ್ಧಕ್ಕೆ ಬಿಟ್ಟು, ಅಚ್ಚಾದ ಲೇಖನಕ್ಕಿಷ್ಟು ಅಂತ ಎಣಿಸಿಕೊಂಡು ಬದುಕುವ ನನಗೆ ವಿಮಾನದ ಟಿಕೆಟ್ ಎಲ್ಲಿಂದ ಬಂತು ಅಂತೀರಾ? ನನ್ನಕ್ಕ ನರ್ಸ್. ಅಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ಆ ವರ್ಷ ಆಗಸ್ಟಿನಲ್ಲಿ ಹೋದಳು. ಎರಡು ತಿಂಗಳಾದ ಮೇಲೆ ಭಾವ, ಒಂಬತ್ತು ವರ್ಷದ ಮಗಳು. ಆಮೇಲೆ ಅಮ್ಮನನ್ನು ಕರೆಸಿಕೊಳ್ಳಬೇಕು ಅಂತಾಯಿತು. ಹಾಸನದಿಂದಾಚೆ ಬಸ್ಸಿನಲ್ಲಿ ಹೋಗೋಕೇ ಹೆದರುವ ಅಮ್ಮನಿಗೆ ಜೊತೆ ಬೇಡವೇ? ಹಾಗೆ ನಾನು ಲಗೇಜಿನ ಜೊತೆ ಇನ್ನೊಂದು ಲಗೇಜಾಗಿ ಹೋದೆ.

ಮನೆ ಊರಾಚೆ ಪಶ್ಚಿಮಕ್ಕೆ, ವೆರಿಬಿಯಲ್ಲಿ. ಬಾಡಿಗೆ ಮನೆ. ಸೋಫಾ ಇಲ್ಲ. ಟೀವಿ ಇನ್ನೂ ಅದು ಬಂದ ಅಟ್ಟೆಪೆಟ್ಟಿಗೆಯ ಮೇಲೇ ಕೂತಿತ್ತು. ಮಗಳಿಗೆ ಬೇಸಿಗೆ ರಜ, ಸ್ಕೂಲು ಮತ್ತೆ ತೆರೆಯುವುದು ಜನವರಿ ಕೊನೆಗೆ. ಭಾವನಿಗೂ ರಜವೇ, ಆದರೆ ಬೇರೆ ಥರದ್ದು! ಬೆಂಗಳೂರಿನಲ್ಲಿ ಹದಿನಾಲ್ಕು ವರ್ಷ ಸಿವಿಲ್ ಎಂಜಿನಿಯರ್ ಆಗಿದ್ದ ಮನುಷ್ಯ ಅಲ್ಲಿ ನಲವತ್ತು ಕಡೆ ಅರ್ಜಿ ಹಾಕಿ ಕೂತಿದ್ದರು. ಎಲ್ಲರದೂ ಒಂದೇ ಉತ್ತರ: "ಆಸ್ಟ್ರೇಲಿಯಾ ಡೇ ಮುಗೀಲಿ ನೋಡೋಣ." ಅದು ಜನವರಿ 26! ನಮ್ಮ ಗಣರಾಜ್ಯೋತ್ಸವದ ದಿನವೇ. ಅಲ್ಲಿ ಡಿಸೆಂಬರ್ ಮೂರನೇ ವಾರಕ್ಕೆ ಎಷ್ಟೋ ಆಫೀಸುಗಳಿಗೆ ಬೀಗ ಬಿದ್ದರೆ ಮತ್ತೆ ತೆಗೆಯುವುದು ಜನವರಿಯಲ್ಲೇ. ಇಡೀ ದೇಶ ಕಡಲತೀರಕ್ಕೆ ಹೋದಾಗ ಕೆಲಸ ಕೇಳೋದು ಯಾರನ್ನ?

ಕ್ರಿಸ್‌ಮಸ್ ದಿನ ಅಕ್ಕನಿಗೆ ಬೆಳಗಿನ ಡ್ಯೂಟಿ. ಹಬ್ಬದ ದಿನ ದುಡಿದರೆ ಪಗಾರ ಜಾಸ್ತಿ, ಅದಕ್ಕೇ ಕೇಳಿ ಹಾಕಿಸಿಕೊಂಡಿದ್ದಳು. ನಾವು ನಾಲ್ವರು ರೈಲು ಹತ್ತಿ ಪೇಟೆಗೆ ಹೋದೆವು. ಆ ಒಂದು ದಿನ ರೈಲು, ಟ್ರಾಮು, ಬಸ್ಸು ಎಲ್ಲಾ ಪುಕ್ಕಟೆ! ಗಂಡಸರಿಗೂ ಟಿಕೆಟ್ ಇಲ್ಲ ಅಂತ ಕೇಳಿ ಅಮ್ಮ, "ನಮ್ಮ ಸಿದ್ದರಾಮಯ್ಯನೋರು ಹೆಂಗಸರಿಗೆ ಮಾತ್ರ ಕೊಟ್ರು, ಇವರು ಒಂದು ಕೈ ಮೇಲೆ ಕಣೋ" ಅಂದರು. ಬೋರ್ಕ್ ಸ್ಟ್ರೀಟಿನಲ್ಲಿ ಮೈಯರ್ ಅಂಗಡಿಯ ಗಾಜಿನ ಕಿಟಕಿಗಳೊಳಗೆ ಆಡುವ ಗೊಂಬೆಗಳು. 1956ರಿಂದ ಪ್ರತಿ ಕ್ರಿಸ್‌ಮಸ್‌ಗೂ ಕೂರಿಸುತ್ತಾರಂತೆ, ನಮ್ಮ ದಸರಾ ಗೊಂಬೆಯ ಹಾಗೆ. ಮಗು ಕದಲಲಿಲ್ಲ. ಭಾವ ಕದಲುತ್ತಲೇ ಇದ್ದರು. ಫೋನು ನೋಡೋದು, ಜೇಬಿಗಿಡೋದು, ಮತ್ತೆ ತೆಗೆಯೋದು.

ನನ್ನ ಫೋನಿನ ಕಥೆಯೇ ಬೇರೆ! ಸುದೀಪರ 'ಮ್ಯಾಕ್ಸ್' ತೆರೆಕಂಡಿದ್ದು ಅದೇ 25ಕ್ಕೆ. ಅಲ್ಲಿ ಗಡಿಯಾರ ನಮಗಿಂತ ಐದೂವರೆ ಗಂಟೆ ಮುಂದೆ. ಗೆಳೆಯರು ಕಟೌಟು, ಹಾರ, ಪಟಾಕಿಯ ವಿಡಿಯೋ ಕಳಿಸಿ ಹೊಟ್ಟೆ ಉರಿಸುತ್ತಿದ್ದರು. ಮೊದಲ ದಿನದ ಮೊದಲ ಆಟ ತಪ್ಪಿಸಿಕೊಂಡ ದುಃಖ ನಿಮಗಲ್ಲದೆ ಯಾರಿಗೆ ಹೇಳಲಿ?

ಸಂಜೆ ಅಕ್ಕನನ್ನು ಆಸ್ಪತ್ರೆ ಬಾಗಿಲಿಂದಲೇ ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಕೂರಿಸಿಕೊಂಡು ಆಲ್ಟೋನ ಕಡಲತೀರಕ್ಕೆ ಹೋದೆವು. ಜನವೋ ಜನ! ಸಿಗಡಿ ಸುಲಿಯುವವರು, ಪಾವ್ಲೋವಾ ಅನ್ನೋ ಮೊಟ್ಟೆ ಬಿಳಿಯ ಸಿಹಿ ತಿನ್ನುವವರು. ಅಲ್ಲಿನ ಪಾರ್ಕುಗಳಲ್ಲಿ ಕರೆಂಟಿನ ಒಲೆ ಇಟ್ಟಿರುತ್ತಾರೆ, ಗುಂಡಿ ಒತ್ತಿದರೆ ಕಾದ ಕಾವಲಿ, ಕಾಸಿಲ್ಲ. ನಮ್ಮದು ಜೋಳದ ತೆನೆ, ಬದನೆಕಾಯಿ, ಚಿತ್ರಾನ್ನ. ಅಮ್ಮ ಸೀರೆ ಮೊಣಕಾಲಿಗೆ ಎತ್ತಿ ನೀರಿಗಿಳಿದರು. ಅಕ್ಕ ಯೂನಿಫಾರಂನಲ್ಲೇ ಚಾಪೆ ಮೇಲೆ ನಿದ್ದೆ. ಮಗುವನ್ನು ಯಾರೋ ಹುಡುಗರು ಕ್ರಿಕೆಟ್‌ಗೆ ಕರೆದರು. ಬೌಂಡರಿಯಲ್ಲಿ ನಿಲ್ಲಿಸಿದರು, ಆದರೂ ಕರೆದರು!

ಭಾವ ತೆನೆ ತಿರುಗಿಸುತ್ತಾ, "ಎಲ್ಲರೂ ರಜ ಅನುಭವಿಸ್ತಿದಾರೆ ಕಣಯ್ಯ, ನಾನು ರಜ ಕಳೀತಾ ಇದೀನಿ. ಹೆಂಡ್ತಿ ಹಬ್ಬದ ದಿನ ದುಡಿದು ಬಂದು ಮಲಗಿದಾಳೆ. ನಾನಿಲ್ಲಿ ಜೋಳ ಸುಡ್ತಿದೀನಿ" ಅಂದರು. ಏನು ಹೇಳಲಿ? ಇಂಥ ಸೀನಿಗೆ ನಮ್ಮ ಸಿನಿಮಾದವರು ಹಿನ್ನೆಲೆಯಲ್ಲಿ ಪಿಟೀಲು ಕೊಯ್ಯಿಸುತ್ತಾರೆ. ಅಲ್ಲಿ ಬರೀ ಗಾಳಿ, ಮಕ್ಕಳ ಗಲಾಟೆ.

ಮರುದಿನ ಬಾಕ್ಸಿಂಗ್ ಡೇ, ಬೆಂಕಿಯಂಥ ಬಿಸಿಲು. ಗ್ರಾಂಪಿಯನ್ಸ್ ಕಾಡಿಗೆ ನಿಜವಾದ ಬೆಂಕಿಯೇ ಬಿದ್ದು, ಸುತ್ತಲ ಊರಿನವರು ಮನೆ ಬಿಟ್ಟು ಹೊರಟಿದ್ದರು. ಅಟ್ಟೆಪೆಟ್ಟಿಗೆ ಟೀವಿಯಲ್ಲಿ ಭಾರತ-ಆಸ್ಟ್ರೇಲಿಯಾ ಟೆಸ್ಟು. ಹತ್ತೊಂಬತ್ತರ ಪೋರ ಕಾನ್‌ಸ್ಟಾಸ್ ಬುಮ್ರಾಗೇ ಸಿಕ್ಸರ್ ಎತ್ತಿದ! ಐದು ದಿನಕ್ಕೆ ಸೇರಿದ ಜನ 3,73,691. ಅಷ್ಟು ಜನ ಆ ಮೈದಾನದ ಯಾವ ಟೆಸ್ಟಿಗೂ ಹಿಂದೆ ಸೇರಿರಲಿಲ್ಲ.

ಚಿತ್ರರಸಿಕರಿಗೆ ಒಂದು ಸ್ವಾರಸ್ಯ. 'ಸಲಾಂ ನಮಸ್ತೆ' (2005) ತೆಗೆದ ಊರು ಅಂತ ಮಾತ್ರ ನಿಮಗೆ ಗೊತ್ತು. 1906ರ ಡಿಸೆಂಬರ್ 26ರಂದು, ಇದೇ ಬಾಕ್ಸಿಂಗ್ ಡೇ ದಿನ, ಇದೇ ಮೆಲ್ಬರ್ನಿನ ಅಥೀನಿಯಂ ಹಾಲಿನಲ್ಲಿ 'ದಿ ಸ್ಟೋರಿ ಆಫ್ ದಿ ಕೆಲ್ಲಿ ಗ್ಯಾಂಗ್' ತೆರೆಕಂಡಿತು. ಗಂಟೆಗೂ ಮೀರಿ ಓಡಿದ ಜಗತ್ತಿನ ಮೊದಲ ಕಥಾಚಿತ್ರ! ನಮ್ಮ 'ರಾಜಾ ಹರಿಶ್ಚಂದ್ರ'ಕ್ಕಿಂತ ಆರು ವರ್ಷಕ್ಕೂ ಹೆಚ್ಚು ಮುಂಚೆ. ಹೀರೋ ಯಾರು ಬಲ್ಲಿರಾ? ನೆಡ್ ಕೆಲ್ಲಿ ಅನ್ನುವ ದರೋಡೆಕೋರ. ಕಬ್ಬಿಣದ ಕವಚ ತೊಟ್ಟು ಪೊಲೀಸರ ಗುಂಡಿಗೆ ಎದೆಯೊಡ್ಡಿದವ, 1880ರಲ್ಲಿ ಗಲ್ಲಿಗೇರಿದವ. ರೌಡಿಯನ್ನು ಹೀರೋ ಮಾಡಿದ್ದು ಗಾಂಧಿನಗರವೇ ಅಂತ ಬೈಯುವವರು ಇದನ್ನು ಗಮನಿಸಲಿ!

27ರ ಬೆಳಿಗ್ಗೆ ಭಾವನ ಫೋನು ಹೊಡೆದುಕೊಂಡಿತು. ಎಂಜಿನಿಯರ್ ಕೆಲಸವಲ್ಲ. ಪಾರ್ಸಲ್ ಗೋದಾಮಿನಲ್ಲಿ ರಾತ್ರಿ ಪಾಳಿ, ಹಬ್ಬದ ರಶ್ಶಿಗೆ ಆಳು ಬೇಕಂತೆ. ಅಮ್ಮನ ಮುಖ ಸಣ್ಣಗಾಯಿತು. "ಎಂಜಿನಿಯರ್ ಓದಿ ಮೂಟೆ ಹೊರೋದಾ?" ಅಂದರು. ಅಕ್ಕ ತಲೆ ಎತ್ತದೆ, "ಹೋಗಿ ಬನ್ನಿ ರೀ. ಫೆಬ್ರವರಿವರೆಗೆ ತಾನೆ?" ಅಂದಳು. ಭಾವ ತುಂಬಾ ಹೊತ್ತು ಸುಮ್ಮನಿದ್ದರು.

30ನೇ ತಾರೀಖು ಮಧ್ಯಾಹ್ನ ಭಾರತ 184 ರನ್ನಿನಿಂದ ಸೋತಿತು. ಅವತ್ತೇ ರಾತ್ರಿ ಭಾವನ ಮೊದಲ ಪಾಳಿ. ಮಿರಮಿರ ಮಿಂಚುವ ಹಳದಿ ಕೋಟು, ಮೂತಿಗೆ ಉಕ್ಕು ಕೂರಿಸಿದ ಬೂಟು. ಮಗಳು ಬೂಟಿನ ಮೂತಿಯನ್ನು ಚಮಚದಿಂದ ಟಣ್ ಟಣ್ ಅಂತ ಬಡಿದು ನೋಡಿದಳು. ಅಮ್ಮ ಮಾತಾಡದೆ ಬುತ್ತಿಗೆ ಮೊಸರನ್ನ ಕಲಸಿ ಕೊಟ್ಟರು, ಉಪ್ಪಿನಕಾಯಿ ಬೇರೆ ಡಬ್ಬಿಗೆ.