ನಾಲ್ಕೂ ಚಕ್ರ ಎಳೆದ್ರೆ ಸಾಕಾ?

ಆಸ್ಟ್ರೇಲಿಯಾದಲ್ಲಿರೋ ಕನ್ನಡಿಗರ ಹತ್ರ "ನಾನು ಎಪ್ಪಿಂಗ್‌ನಲ್ಲಿದೀನಿ" ಅಂದ್ರೆ "ಯಾವ ಎಪ್ಪಿಂಗ್?" ಅನ್ನೋ ಪ್ರಶ್ನೆ ಬಂದೇ ಬರುತ್ತೆ. ಸಿಡ್ನಿಯಲ್ಲೊಂದಿದೆ, ಮೆಲ್ಬರ್ನ್‌ನಲ್ಲಿ ಇನ್ನೊಂದಿದೆ. ಮೆಲ್ಬರ್ನ್‌ನವರು "ಹೋಲ್‌ಸೇಲ್ ತರಕಾರಿ ಮಾರ್ಕೆಟ್ ಇರೋ ಎಪ್ಪಿಂಗ್" ಅಂತಾರೆ, ಸಿಡ್ನಿಯವರು "ಮೆಟ್ರೋ ಸ್ಟೇಷನ್ ಇರೋ ಎಪ್ಪಿಂಗ್" ಅಂತಾರೆ. ಈ ಸಂಚಿಕೆಯ ಕಥೆ ಎರಡೂ ಎಪ್ಪಿಂಗ್‌ಗಳದ್ದು. ಒಂದರಲ್ಲಿ ನಮ್ಮ ಗೆಳೆಯ ಇದ್ದಾನೆ, ಇನ್ನೊಂದರಲ್ಲಿ ಅವನ ಅಕ್ಕನ ಗಂಡ. ಇಬ್ಬರಿಗೂ ಕಾರಿನ ಹುಚ್ಚು.

ಗೆಳೆಯ ಮೂಡಿಗೆರೆ ಕಡೆಯವನು. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣು ದಾರಿಯಲ್ಲಿ ರ್‍ಯಾಲಿ ನಡೆದಾಗ ಬೇಲಿ ಮೇಲೆ ಕೂತು ಧೂಳು ಕುಡಿದು ಬೆಳೆದ ಹುಡುಗ. ಮೆಲ್ಬರ್ನ್‌ಗೆ ಬಂದು, ಕೆಲಸ ಹಿಡಿದು, ಮೊದಲು ಮನೆ ತಗೊಂಡ, ಆಮೇಲೆ ಹತ್ತು ವರ್ಷ ಹಳೆಯ ಒಂದು ಟರ್ಬೋ ಕಾರು ತಗೊಂಡ. ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವ ಕಾರು, ಅಂದ್ರೆ ಆಲ್ ವೀಲ್ ಡ್ರೈವ್. ಸೋಮವಾರದಿಂದ ಶುಕ್ರವಾರ ಆಫೀಸು, ಶನಿವಾರ ಮಕ್ಕಳ ಕನ್ನಡ ಕ್ಲಾಸು, ಭಾನುವಾರ ಅದೇ ಕಾರು ಗುಡ್ಡ ಹತ್ತುತ್ತೆ.

ಅವನು ಹೋಗೋದು ರಾಬ್ ರಾಯ್ ಅನ್ನೋ ಜಾಗಕ್ಕೆ. ಮೆಲ್ಬರ್ನ್‌ನ ಈಶಾನ್ಯಕ್ಕೆ ಕ್ರಿಸ್‌ಮಸ್ ಹಿಲ್ಸ್ ಅಂತ ಗುಡ್ಡಗಳಿವೆ, ಎಪ್ಪಿಂಗ್‌ನಿಂದ ಒಂದು ಗಂಟೆಯೊಳಗಿನ ದಾರಿ. 1937ರಿಂದ ಅಲ್ಲಿ ಕಾರುಗಳು ಗುಡ್ಡ ಹತ್ತುತ್ತಿವೆ. ಮಧ್ಯೆ ಕಾಳ್ಗಿಚ್ಚಿನಿಂದಾಗಿ ನಿಂತುಹೋಗಿತ್ತು, 1990ರ ದಶಕದಲ್ಲಿ ಮತ್ತೆ ಶುರುವಾಯ್ತು. ಇಡೀ ದಾರಿ ಒಂದು ಕಿಲೋಮೀಟರೂ ಇಲ್ಲ. ಚೆನ್ನಾಗಿ ಓಡಿಸಿದ್ರೆ ಅರ್ಧ ನಿಮಿಷದೊಳಗೆ ಕಾರು ಮೇಲಿರುತ್ತೆ. ಒಂದು ಸಲಕ್ಕೆ ಒಂದೇ ಕಾರು. ಪಕ್ಕದಲ್ಲಿ ಇನ್ಯಾರೂ ಇಲ್ಲ. ಹಸಿರು ದೀಪ ಬಂದ ತಕ್ಷಣ ಹೊರಡಬೇಕು ಅಂತಲೂ ಇಲ್ಲ, ನಿಮಗೆ ಸರಿ ಅನ್ನಿಸಿದಾಗ ಹೊರಡಿ. ಕಾರು ಬೆಳಕಿನ ಕಿರಣ ದಾಟಿದಾಗಲೇ ಗಡಿಯಾರ ಓಡೋಕೆ ಶುರು. ದಿನಕ್ಕೆ ನಾಲ್ಕೈದು ಸಲ ಹತ್ತಬಹುದು, ಅಷ್ಟೇ. ಅಂದ್ರೆ ಬೆಳಗ್ಗೆ ಆರಕ್ಕೆ ಎದ್ದು, ಡಬ್ಬಿ ಕಟ್ಟಿಕೊಂಡು ಹೋಗಿ, ಇಡೀ ದಿನದಲ್ಲಿ ಎರಡು ನಿಮಿಷ ಕಾರು ಓಡಿಸಿ ಬರೋದು. ಅವನ ಹೆಂಡತಿ ಈ ಲೆಕ್ಕವನ್ನ ನಮಗೆ ಒಂದಕ್ಕಿಂತ ಹೆಚ್ಚು ಸಲ ಹೇಳಿದಾರೆ.

ಗುಡ್ಡದ ಮೇಲೆ ನಾಲ್ಕು ಚಕ್ರದ ಎಳೆತ ಯಾಕೆ ಬೇಕು? ಎತ್ತಿನ ಗಾಡಿ ನೋಡಿದವರಿಗೆ ಇದು ಅರ್ಧ ಗೊತ್ತಿರುತ್ತೆ. ಭಾರ ಹೇರಿದ ಗಾಡಿ ಏರು ಹತ್ತುವಾಗ ಹೊರೆ ಹಿಂದಕ್ಕೆ ವಾಲುತ್ತೆ, ಮೂಕಿ ಮೇಲೇಳುತ್ತೆ, ನೊಗ ಎತ್ತುಗಳ ಹೆಗಲಿಂದ ಹಗುರಾಗುತ್ತೆ. ಆಗ ಗಾಡಿ ಹೊಡೆಯೋನು ಮುಂದೆ ಸರಿದು ಮೂಕಿ ಮೇಲೆ ಕೂರ್ತಾನೆ. ಕಾರಿನಲ್ಲೂ ಹಾಗೇ. ಏರಿನಲ್ಲಿ, ಅದರಲ್ಲೂ ಜೋರಾಗಿ ವೇಗ ಹೆಚ್ಚಿಸುವಾಗ, ಭಾರ ಮುಂದಿನ ಚಕ್ರಗಳಿಂದ ಹಿಂದಿನ ಚಕ್ರಗಳಿಗೆ ಹೋಗುತ್ತೆ. ಟೈರಿನ ಹಿಡಿತ ಅದರ ಮೇಲಿರೋ ಭಾರಕ್ಕೆ ತಕ್ಕಷ್ಟು. ಮುಂದಿನ ಚಕ್ರಗಳು ಮಾತ್ರ ಎಳೆಯೋ ಕಾರಾದ್ರೆ ಅವು ಹಗುರಾಗಿ ಸುಮ್ಮನೆ ಸುತ್ತೋಕೆ ಶುರು ಮಾಡ್ತಾವೆ. ನಾಲ್ಕೂ ಎಳೆದ್ರೆ ಭಾರ ಎಲ್ಲಿಗೆ ಹೋದ್ರೂ ಚಿಂತೆಯಿಲ್ಲ.

ಇದಕ್ಕೊಂದು ಲೆಕ್ಕ ಇದೆ. ಪೆನ್ನು ಬೇಡ, ಕೇಳ್ತಾ ಹೋಗಿ. ಕಾರು, ಡ್ರೈವರ್ ಸೇರಿ 1500 ಕೆಜಿ. ಟೈರಿನ ಹಿಡಿತ ಹೆಚ್ಚೆಂದ್ರೆ ಅದರ ಮೇಲಿರೋ ಭಾರದಷ್ಟೇ ಅಂತ ಇಟ್ಕೊಳ್ಳಿ. ಚಕ್ರಗಳಿಗೆ ತಲುಪೋ ಶಕ್ತಿ 150 ಕಿಲೋವ್ಯಾಟ್, ಅಂದ್ರೆ 200 ಅಶ್ವಶಕ್ತಿ. ಸಮತಟ್ಟಾದ ರಸ್ತೆಯಲ್ಲಿ ಈ ಕಾರು ನಾಲ್ಕೂ ಚಕ್ರದ್ದಾದ್ರೆ ಗಂಟೆಗೆ ಸುಮಾರು 37 ಕಿಲೋಮೀಟರ್ ವೇಗದವರೆಗೆ ಎಂಜಿನ್ನಿಗೆ ಟೈರನ್ನ ಸೋಲಿಸೋ ತಾಕತ್ತಿರುತ್ತೆ. ಆಮೇಲೆ ಎಂಜಿನ್ನೇ ಸೋಲುತ್ತೆ. ಹಿಂದಿನ ಚಕ್ರಗಳು ಮಾತ್ರ ಎಳೆಯೋ ಕಾರಿನಲ್ಲಿ, ಭಾರದ 60 ಪರ್ಸೆಂಟ್ ಹಿಂದೆ ಇದೆ ಅಂದ್ಕೊಂಡ್ರೆ, ಟೈರು ಸೋಲೋದು 61 ಕಿಲೋಮೀಟರ್ ವೇಗದವರೆಗೆ. ಅದರಾಚೆ, ನೇರ ರಸ್ತೆಯಲ್ಲಿ, ಎರಡೂ ಕಾರು ಒಂದೇ! ಎಳೆಯೋ ಚಕ್ರ ಎರಡಿರಲಿ ನಾಲ್ಕಿರಲಿ, ಟೈರಿಗೆ ಸವಾಲು ಹಾಕೋಷ್ಟು ಶಕ್ತಿಯೇ ಎಂಜಿನ್ನಿನಲ್ಲಿ ಉಳಿದಿರಲ್ಲ.

ಶಕ್ತಿಯನ್ನ ದುಪ್ಪಟ್ಟು ಮಾಡಿದ್ರೆ ಈ ಎರಡು ಅಂಕಿಗಳೂ ದುಪ್ಪಟ್ಟಾಗ್ತಾವೆ: 73 ಮತ್ತು 122. ಟರ್ಬೋ ಕಾರಿಗೂ ನಾಲ್ಕು ಚಕ್ರಕ್ಕೂ ಇರೋ ನಂಟು ಇದೇ. ಶಕ್ತಿ ಹೆಚ್ಚಾದಷ್ಟೂ ನಾಲ್ಕು ಚಕ್ರದಿಂದ ಲಾಭ ಸಿಗೋ ವೇಗದ ಹರವು ದೊಡ್ಡದಾಗುತ್ತೆ. ತಿರುವಿನಿಂದ ಹೊರಬರುವಾಗ ಟೈರಿನ ಹಿಡಿತದಲ್ಲಿ ಒಂದು ಪಾಲು ಪಕ್ಕಕ್ಕೆ ಖರ್ಚಾಗಿರೋದ್ರಿಂದ ಲಾಭ ಇನ್ನೂ ಹೆಚ್ಚು. ರಾಬ್ ರಾಯ್‌ನಂಥ ಗುಡ್ಡ ಅಂದ್ರೆ ನಿಂತಲ್ಲಿಂದ ಹೊರಡೋದು, ತಿರುವು, ಮತ್ತೆ ತಿರುವು. ನಮ್ಮ ಗೆಳೆಯ ಅಲ್ಲಿ ರಾಜ.

ಅವನ ಭಾವ ಸಿಡ್ನಿಯ ಎಪ್ಪಿಂಗ್‌ನಲ್ಲಿ. ಅವರ ಕಾರಿನ ಶಕ್ತಿ ಹೆಚ್ಚುಕಮ್ಮಿ ಅಷ್ಟೇ, ಆದ್ರೆ ಹಿಂದಿನ ಚಕ್ರಗಳು ಮಾತ್ರ ಎಳೆಯೋದು, ತೂಕವೂ ಕಡಿಮೆ. ಒಂದು ಸಲ ಮೆಲ್ಬರ್ನ್‌ಗೆ ಬಂದು ಗುಡ್ಡ ಹತ್ತಿ, ಭಾಮೈದನ ಹತ್ರ ಚೆನ್ನಾಗಿ ಸೋತು ಹೋದ್ರು. ಹೋಗುವಾಗ ಒಂದು ಮಾತು ಹೇಳಿದ್ರಂತೆ: "ಸಿಡ್ನಿಗೆ ಬಾರೋ, ಬಯಲಲ್ಲಿ ನೋಡೋಣ."

ಬಯಲು ಅಂದ್ರೆ ಈಸ್ಟರ್ನ್ ಕ್ರೀಕ್‌ನ ಸಿಡ್ನಿ ಮೋಟಾರ್‌ಸ್ಪೋರ್ಟ್ ಪಾರ್ಕ್. ಸುತ್ತು 3.93 ಕಿಲೋಮೀಟರ್. ಅಲ್ಲಿ ಆಡೋ ಆಟದ ಹೆಸರು ಟೈಮ್ ಅಟ್ಯಾಕ್. ಇದೂ ಗಡಿಯಾರದ ಜೊತೆಗಿನ ಜಗಳವೇ. ಒಂದು ಸುತ್ತು ಟೈರು, ಎಣ್ಣೆ ಬೆಚ್ಚಗೆ ಮಾಡ್ಕೊಂಡು, ಮುಂದಿನ ಸುತ್ತಿನಲ್ಲಿ ಇರೋದನ್ನೆಲ್ಲ ಸುರಿದು, ಆಮೇಲೆ ತಣ್ಣಗೆ ವಾಪಸ್. ಗುಡ್ಡಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸ ಅಂದ್ರೆ ಇಲ್ಲಿ ನಿಂತಲ್ಲಿಂದ ಹೊರಡೋದೇ ಇಲ್ಲ, ವೇಗವೂ ಬಹಳ ಹೆಚ್ಚು.

ಈ ಟ್ರ್ಯಾಕಿನಲ್ಲೇ ವರ್ಲ್ಡ್ ಟೈಮ್ ಅಟ್ಯಾಕ್ ಚಾಲೆಂಜ್ ನಡೆಯೋದು. ಅದರ ಇತಿಹಾಸ ನೋಡಿದ್ರೆ ನಮ್ಮ ಲೆಕ್ಕವೇ ದೊಡ್ಡ ಅಕ್ಷರದಲ್ಲಿ ಬರೆದಂಗಿದೆ. 2010, 2011ರಲ್ಲಿ ಗೆದ್ದಿದ್ದು ಜಪಾನಿನ ಸೈಬರ್ ಇವೋ, 2012ರಲ್ಲಿ ಆಸ್ಟ್ರೇಲಿಯಾದ ನೀಮೋ. ಎರಡೂ ಮಿತ್ಸುಬಿಷಿ ಲ್ಯಾನ್ಸರ್ ಇವೋಲ್ಯೂಷನ್, ಟರ್ಬೋ, ನಾಲ್ಕೂ ಚಕ್ರ. 2010ರ ಗೆಲುವಿನ ಸಮಯ 1 ನಿಮಿಷ 30.5 ಸೆಕೆಂಡಿನ ಆಸುಪಾಸು. 2018ರಲ್ಲಿ ಬಾರ್ಟನ್ ಮಾವರ್ ಅದೇ ಟ್ರ್ಯಾಕನ್ನ 1 ನಿಮಿಷ 19.8 ಸೆಕೆಂಡಿನಲ್ಲಿ ಸುತ್ತಿದ್ರು. ಯಾವುದರಲ್ಲಿ? ಪೋರ್ಷೆ 968. ಟರ್ಬೋ ಇದೆ, ಆದ್ರೆ ಎಳೆಯೋದು ಹಿಂದಿನ ಎರಡೇ ಚಕ್ರ! ಅಂಥ ಕಾರುಗಳಿಗೆ ದೊಡ್ಡ ದೊಡ್ಡ ರೆಕ್ಕೆ ಕಟ್ಟಿರ್ತಾರೆ, ಗಾಳಿಯೇ ಕಾರನ್ನ ನೆಲಕ್ಕೆ ಒತ್ತುತ್ತೆ. ಆ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ, ವೇಗ ದುಪ್ಪಟ್ಟಾದ್ರೆ ಒತ್ತಡ ನಾಲ್ಕು ಪಟ್ಟು. ಹೀಗೆ ಹಿಡಿತ ಪುಕ್ಕಟೆಯಾಗಿ ಸಿಗುವಾಗ, ಮುಂದಿನ ಚಕ್ರಗಳಿಗೆ ಅಂತಲೇ ಇನ್ನೊಂದು ಡಿಫರೆನ್ಷಿಯಲ್ಲು, ಶಾಫ್ಟು ಹೊರೋದು ಹಲವು ಕಡೆ ಬರೀ ಹೊರೆ.

ನಮ್ಮ ಗೆಳೆಯ ಸಿಡ್ನಿಗೆ ಹೋದ, ಸೋತ. ಊಟಕ್ಕೆ ಕೂತಾಗ ಭಾವ ಕೇಳಿದ್ರಂತೆ, "ಏನೋ, ಗುಡ್ಡದ ಹುಲಿ ಬಯಲಲ್ಲಿ ಬೆಕ್ಕಾ?" ಅಕ್ಕ ಬೇರೆ ನಕ್ಕುಬಿಟ್ಟಳು. ಅದು ಚುಚ್ಚಿತು. ಅಡುಗೆಮನೆ ರಿಪೇರಿಗೆ ಇಟ್ಟಿದ್ದ ದುಡ್ಡಿನಲ್ಲಿ ಅವನು ದೊಡ್ಡ ಟರ್ಬೋ ಹಾಕಿಸಿದ.

ಇಲ್ಲಿಂದ ಕಥೆ ಕೆಡ್ತು. ಟರ್ಬೋ ಅಂದ್ರೆ ಹೊಗೆಯ ರಭಸದಿಂದ ತಿರುಗೋ ಒಂದು ಚಕ್ರ, ಅದೇ ಅಚ್ಚಿನ ಇನ್ನೊಂದು ತುದಿಯಲ್ಲಿ ಎಂಜಿನ್ನಿಗೆ ಗಾಳಿ ತುರುಕೋ ಇನ್ನೊಂದು ಚಕ್ರ. ನಿಮಿಷಕ್ಕೆ ಲಕ್ಷ ಸುತ್ತು ದಾಟಿ ತಿರುಗುತ್ತೆ. ಅಷ್ಟು ವೇಗ ಹಿಡಿಯೋಕೆ ಸಮಯ ಬೇಕು, ಆ ಕಾಯುವಿಕೆಗೇ ಟರ್ಬೋ ಲ್ಯಾಗ್ ಅನ್ನೋದು. ಒಂದೇ ಆಕಾರದ ಚಕ್ರವನ್ನ ದೊಡ್ಡದು ಮಾಡಿದ್ರೆ, ಅದನ್ನ ತಿರುಗಿಸೋಕೆ ಬೇಕಾದ ಪ್ರಯಾಸ ವ್ಯಾಸದ ಐದನೇ ಘಾತದಲ್ಲಿ ಏರುತ್ತೆ. ವ್ಯಾಸ ಬರೀ 20 ಪರ್ಸೆಂಟ್ ಹೆಚ್ಚಾದ್ರೆ ಪ್ರಯಾಸ ಸುಮಾರು ಎರಡೂವರೆ ಪಟ್ಟು. ಗುಡ್ಡದ ಮೇಲೆ ಪ್ರತಿ ತಿರುವಿನಲ್ಲೂ ಕಾಲೆತ್ತಬೇಕು, ಪ್ರತಿ ತಿರುವಿನಾಚೆಗೂ ಕಾಯಬೇಕು. ಟರ್ಬೋ ಎದ್ದು ಕೂರೋ ಹೊತ್ತಿಗೆ ಮುಂದಿನ ತಿರುವು ಬಂದಿರುತ್ತೆ. ಶಕ್ತಿ ಅಷ್ಟು ಏರಿಸಿದ ಮೇಲೆ ರಾಬ್ ರಾಯ್‌ನಲ್ಲಿ ಅವನು ಮೊದಲಿಗಿಂತ ಅರ್ಧ ಸೆಕೆಂಡ್ ನಿಧಾನ.

ಶಾಖದ ಕಾಟ ಬೇರೆ. ಗಾಳಿಯನ್ನ ಒತ್ತಿದ್ರೆ ಬಿಸಿಯಾಗುತ್ತೆ, ಸೈಕಲ್ ಪಂಪಿನ ತುದಿ ಮುಟ್ಟಿದವರಿಗೆ ಗೊತ್ತು. 30 ಡಿಗ್ರಿ ಗಾಳಿಯ ಒತ್ತಡವನ್ನ ದುಪ್ಪಟ್ಟು ಮಾಡಿದ್ರೆ ಟರ್ಬೋದಿಂದ ಹೊರಬರುವಾಗ ಅದು 120 ಡಿಗ್ರಿ ದಾಟಬಹುದು. ಅದನ್ನ ಇಂಟರ್‌ಕೂಲರ್ ತಣಿಸಬೇಕು. ಆದ್ರೆ ಬಿಸಿಲಲ್ಲಿ ಸರದಿ ಸಾಲಿನಲ್ಲಿ ನಿಂತ ಕಾರಿಗೆ ಎದುರುಗಾಳಿ ಎಲ್ಲಿಂದ ಬರಬೇಕು? ಅದಕ್ಕೇ ಸಾಲಿನಲ್ಲಿ ಇಂಟರ್‌ಕೂಲರ್‌ಗೆ ನೀರು ಚಿಮುಕಿಸ್ತಾ ನಿಂತವರು ಕಾಣ್ತಾರೆ. ದೇವರಿಗೆ ಅಭಿಷೇಕ ಮಾಡ್ದಂಗೆ!

ದೊಡ್ಡ ಟರ್ಬೋ ಗುಡ್ಡಕ್ಕಲ್ಲ, ಬಯಲಿಗೆ ಅಂತ ಸಮಾಧಾನ ಮಾಡ್ಕೊಂಡು ಅವನು ಮತ್ತೆ ಟ್ರ್ಯಾಕಿಗೆ ಹೋದ. ನೇರ ದಾರಿಯಲ್ಲಿ ಕಾರು ಹಿಂದೆಂದೂ ಹೋಗದ ವೇಗದಲ್ಲಿ ಹೋಯ್ತು. ಮೂರನೇ ಸುತ್ತಿನ ಕೊನೆಗೆ ಬ್ರೇಕ್ ಒತ್ತಿದಾಗ ಪೆಡಲ್ ಮೆತ್ತಗೆ ನೆಲಕ್ಕೆ ಹೋಯ್ತು.

200 ಕಿಲೋಮೀಟರ್ ವೇಗದಿಂದ 80ಕ್ಕೆ ಇಳಿಸೋಕೆ 1500 ಕೆಜಿ ಕಾರಿನ ಬ್ರೇಕು ಸುಮಾರು 19 ಲಕ್ಷ ಜೂಲ್ ಶಕ್ತಿಯನ್ನ ಶಾಖ ಮಾಡಬೇಕು. 30 ಡಿಗ್ರಿಯ ಆರೂವರೆ ಲೀಟರ್ ನೀರನ್ನ ಕುದಿಯೋ ಹಂತಕ್ಕೆ ತರೋಷ್ಟು. ಅದೂ ಕೆಲವೇ ಸೆಕೆಂಡಿನಲ್ಲಿ, ಸುತ್ತಿಗೆ ಹಲವು ಸಲ. ಬ್ರೇಕ್ ಫ್ಲೂಯಿಡ್‌ಗೆ ಒಂದು ಕೆಟ್ಟ ಗುಣ ಇದೆ, ಗಾಳಿಯ ತೇವ ಹೀರ್ಕೊಳ್ಳುತ್ತೆ. ಡಾಟ್ 4 ದರ್ಜೆಯದ್ದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅನ್ನೋದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 155. ಕುದಿದ್ರೆ ಆವಿಯ ಗುಳ್ಳೆ ಬರುತ್ತೆ. ದ್ರವವನ್ನ ಒತ್ತಿದ್ರೆ ಕುಗ್ಗಲ್ಲ, ಗುಳ್ಳೆ ಕುಗ್ಗುತ್ತೆ, ನಿಮ್ಮ ಕಾಲಿನ ಬಲವೆಲ್ಲ ಗುಳ್ಳೆ ಹಿಸುಕೋದಕ್ಕೇ ಹೋಗುತ್ತೆ. ಶಕ್ತಿ ಏರಿಸಿದವನು ಎರಡು ವರ್ಷದಿಂದ ಫ್ಲೂಯಿಡ್ ಬದಲಿಸಿರಲಿಲ್ಲ.

ಕಾರು ಟ್ರ್ಯಾಕ್ ಬಿಟ್ಟು ಹುಲ್ಲಿನ ಮೇಲೆ ಜಾರಿ, ಟೈರುಗಳ ತಡೆಗೋಡೆಗೆ ಸ್ವಲ್ಪ ಮುಂಚೆ ನಿಂತಿತು. ಅವನಿಗೇನೂ ಆಗಲಿಲ್ಲ. ಆದ್ರೆ ಆಮೇಲೆ ಬಹಳ ಹೊತ್ತು ಸ್ಟೀರಿಂಗ್ ಹಿಡಿದು ಕೂತೇ ಇದ್ದನಂತೆ. "ನಾಲ್ಕೂ ಚಕ್ರದ ಕಾರು, ಕಚ್ಕೊಂಡು ನಿಲ್ಲುತ್ತೆ ಅಂತ ಎಲ್ಲೋ ಒಳಗೆ ನಂಬಿದ್ದೆ ಕಣೋ" ಅಂತ ನಮಗೆ ಹೇಳಿದ.

ಟೊರಾಂಟೋದಲ್ಲಿ, ಮಿಷಿಗನ್‌ನಲ್ಲಿ ಕೂತು ಕೇಳ್ತಿರೋರು ಇಲ್ಲಿ ಸ್ವಲ್ಪ ಕಿವಿ ಕೊಡಿ, ಯಾಕಂದ್ರೆ ಈ ನಂಬಿಕೆ ರೇಸಿನವರದ್ದು ಮಾತ್ರ ಅಲ್ಲ. ಬ್ರೇಕ್ ವಿಷಯದಲ್ಲಿ ಎಲ್ಲಾ ಕಾರೂ ನಾಲ್ಕು ಚಕ್ರದ್ದೇ. ಪಕ್ಕದ ಮನೆಯವರ ಚಿಕ್ಕ ಕಾರಿಗೂ ನಾಲ್ಕು ಬ್ರೇಕು, ನಿಮ್ಮ ದೊಡ್ಡ ಆಲ್ ವೀಲ್ ಡ್ರೈವ್ ಎಸ್‌ಯುವಿಗೂ ನಾಲ್ಕೇ. ಹಿಮದ ಮೇಲೆ ನಿಮ್ಮದು ಸಲೀಸಾಗಿ ಹೊರಡುತ್ತೆ, ಏರು ಹತ್ತುತ್ತೆ. ಹೊರಟಷ್ಟು ಸಲೀಸಾಗಿ ಅದು ನಿಲ್ಲಲ್ಲ, ತಿರುಗೋದೂ ಇಲ್ಲ. ಆ ಎರಡು ಕೆಲಸ ಟೈರಿನದ್ದು. ಪಕ್ಕದ ಮನೆಯವರ ಕಾರು ಹೊರಡುವಾಗಲೇ ಜಾರಿ "ಹುಷಾರು" ಅನ್ನುತ್ತೆ. ನಿಮ್ಮದು ಆ ಎಚ್ಚರಿಕೆ ಕೊಡದೆ 80ರ ವೇಗಕ್ಕೆ ಕರ್ಕೊಂಡು ಹೋಗಿಬಿಡುತ್ತೆ. ನಮ್ಮ ತಂಡದಲ್ಲೊಬ್ಬರು ಇದನ್ನ ಹಿಮ ಬಿದ್ದ ಒಂದು ಸಂಜೆ, ಸಿಗ್ನಲ್‌ನಲ್ಲಿ, ಮುಂದಿನ ಕಾರಿನ ಬಂಪರ್ ಮುಟ್ಟಿ ಕಲಿತರು.

ಗೆಳೆಯ ದೊಡ್ಡ ಟರ್ಬೋ ಬಿಚ್ಚಿಸಿ ಮಾರಿದ. ಅರ್ಧ ದುಡ್ಡು ವಾಪಸ್ ಬಂತು, ಅದು ಅಡುಗೆಮನೆಗೆ ಹೋಯ್ತು. ಹಳೇ ಟರ್ಬೋ, ಹೊಸ ಬ್ರೇಕ್ ಫ್ಲೂಯಿಡ್, ಒಳ್ಳೆ ಬ್ರೇಕ್ ಪ್ಯಾಡ್, ಒಳ್ಳೆ ಟೈರು. ಸೀಸನ್ನಿನ ಕೊನೇ ಭಾನುವಾರ ರಾಬ್ ರಾಯ್‌ನಲ್ಲಿ ಅವನು ತನ್ನ ಅತ್ಯುತ್ತಮ ಸಮಯ ಮಾಡಿದ, ಆ ಅರ್ಧ ಸೆಕೆಂಡ್ ವಾಪಸ್ ತಗೊಂಡು ಮೇಲೆ ಇನ್ನೊಂದಿಷ್ಟು. ಸಿಡ್ನಿಯಲ್ಲಿ ಭಾವ ಈಗಲೂ ಮುಂದೆ. ಮೊನ್ನೆ ಫೋನ್ ಮಾಡಿ, ಬರೋ ವರ್ಷ ಎರಡೂ ಕಡೆಯ ಸಮಯ ಕೂಡಿಸಿ ಲೆಕ್ಕ ಹಾಕೋಣ ಅಂದ್ರಂತೆ. ಗುಡ್ಡದ್ದು ಅರ್ಧ ನಿಮಿಷ, ಬಯಲಿನದ್ದು ಒಂದೂಮುಕ್ಕಾಲು ನಿಮಿಷ, ಕೂಡಿಸಿದ್ರೆ ಯಾರಿಗೆ ಲಾಭ ಅಂತ ಗೆಳೆಯ ಇನ್ನೂ ಯೋಚಿಸ್ತಾ ಇದಾನೆ.