ಹಳೆಯ ಹಾಡಿಗೆ ಮರಳಿ ಬಂದ ದನಿ: ರಾಳ್ಳಪಲ್ಲಿ ಅನಂತಕೃಷ್ಣ ಶರ್ಮರ ಸಂಗೀತ ಸಾಧನೆ

ಸ್ಕಂದಗಿರಿಯ ತಪ್ಪಲಿನಿಂದ ಶಿಡ್ಲಘಟ್ಟ, ಚಿಂತಾಮಣಿಗಳವರೆಗೆ ಹಬ್ಬಿರುವ ನಮ್ಮ ಸೀಮೆಯಲ್ಲಿ ಕನ್ನಡವೂ ತೆಲುಗೂ ಒಂದೇ ಅಂಗಳದಲ್ಲಿ ಬೆಳೆದಿವೆ. ಕೈವಾರದ ತಾತಯ್ಯನವರ ಪದಗಳನ್ನು ಎರಡು ನುಡಿಗಳಲ್ಲಿಯೂ ಹಾಡಿಕೊಂಡು ಬಂದ ಜನ ನಾವು. ಹಾಡುವವರ ಪರಂಪರೆ ಉಳಿದುದರಿಂದ ಹಾಡೂ ಉಳಿಯಿತು. ಆ ಪರಂಪರೆಯೇ ಕಡಿದುಹೋಗಿ ಬರಹ ಮಾತ್ರ ನಿಂತರೆ ಹಾಡಿನ ಗತಿಯೇನು? ಈ ಪ್ರಶ್ನೆಯನ್ನು ಪಾಂಡಿತ್ಯದಿಂದಲೂ ಗಾಯನದಿಂದಲೂ ಎದುರಿಸಿದವರು ವಿದ್ವಾನ್ ರಾಳ್ಳಪಲ್ಲಿ ಅನಂತಕೃಷ್ಣ ಶರ್ಮರು.

ನಮ್ಮ ಗಡಿಯಾಚೆ, ಅನಂತಪುರ ಜಿಲ್ಲೆಯ ರಾಳ್ಳಪಲ್ಲಿಯಲ್ಲಿ 1893ರಲ್ಲಿ ಜನಿಸಿದ ಶರ್ಮರು ವಿದ್ಯಾರ್ಜನೆಗಾಗಿ ಮೈಸೂರಿಗೆ ಬಂದರು. ಅಲ್ಲಿ ಬಿಡಾರಂ ಕೃಷ್ಣಪ್ಪನವರಲ್ಲಿ ಸಂಗೀತವನ್ನು ಅಭ್ಯಾಸ ಮಾಡಿದರು. ಕಟ್ಟಮಂಚಿ ರಾಮಲಿಂಗಾ ರೆಡ್ಡಿಯವರ ಪ್ರೋತ್ಸಾಹದಿಂದ 1912ರಲ್ಲಿ ಮಹಾರಾಜಾ ಕಾಲೇಜಿನ ತೆಲುಗು ಪಂಡಿತರಾಗಿ ನೇಮಕಗೊಂಡು, ಮೂರೂವರೆ ದಶಕಗಳಿಗೂ ಮಿಗಿಲಾಗಿ ಪಾಠ ಹೇಳಿದರು. ಕನ್ನಡದಲ್ಲಿ ‘ಗಾನಕಲೆ’ ಎಂಬ ಗ್ರಂಥವನ್ನೂ ರಚಿಸಿದರು.

1949ರಲ್ಲಿ ಅವರನ್ನು ತಿರುಪತಿಗೆ ಕರೆಸಿಕೊಳ್ಳಲಾಯಿತು. 1503ರಲ್ಲಿ ಕಾಲವಾದ ತಾಳ್ಳಪಾಕದ ಅನ್ನಮಾಚಾರ್ಯರ ಸಂಕೀರ್ತನೆಗಳು ತಿರುಮಲೆಯ ದೇವಾಲಯದ ಭಂಡಾರದಲ್ಲಿ ತಾಮ್ರಪಟಗಳ ಮೇಲೆ ಉಳಿದಿದ್ದವು. ಪಟಗಳ ಸಂಖ್ಯೆ ಎರಡು ಸಾವಿರಕ್ಕೂ ಹೆಚ್ಚು. ಪ್ರತಿ ಹಾಡಿನ ಮೇಲೆ ರಾಗದ ಹೆಸರಿತ್ತು. ಸ್ವರವಾಗಲಿ ತಾಳವಾಗಲಿ ಇರಲಿಲ್ಲ. ಮಟ್ಟು ಯಾರ ಕೊರಳಿನಲ್ಲಿಯೂ ಉಳಿದಿರಲಿಲ್ಲ.

ರಾಗದ ಹೆಸರಿದ್ದ ಮೇಲೆ ಕಷ್ಟವೇನೆಂದು ಓದುಗರು ಕೇಳಬಹುದು. ಹೆಸರು ನಿಂತರೂ ರಾಗ ನಿಂತಲ್ಲಿ ನಿಲ್ಲುವುದಿಲ್ಲ. ಮುಖಾರಿಯನ್ನೇ ನೋಡಬಹುದು. ವಿಜಯನಗರದ ರಾಮಾಮಾತ್ಯನು 1550ರಲ್ಲಿ ರಚಿಸಿದ ‘ಸ್ವರಮೇಳಕಲಾನಿಧಿ’ಯಲ್ಲಿ ಅದು ಶುದ್ಧಸ್ವರಗಳ ಮೇಳ, ಎಂದರೆ ಇಂದಿನ ಕನಕಾಂಗಿಯ ಸ್ವರಗಳುಳ್ಳದ್ದು. ಇಂದಿನ ಮುಖಾರಿಯಾದರೋ ಖರಹರಪ್ರಿಯ ಮೇಳದಲ್ಲಿ ಹುಟ್ಟಿದ ರಾಗ. ಆದುದರಿಂದ ಪಟದ ಮೇಲಿನ ಹೆಸರನ್ನು ಕಂಡೊಡನೆ ಇಂದಿನ ರಾಗವನ್ನು ಹಾಡಿಬಿಟ್ಟರೆ ಹಳೆಯ ಹಾಡು ಮರಳಿತೆಂದು ಹೇಳಲಾಗದು. ಪದ್ಯದ ನಡೆ, ಪಲ್ಲವಿಯ ಎತ್ತುಗಡೆ, ಮಾತಿನ ಭಾವ ಇವುಗಳನ್ನು ಅರಿತು ಮಟ್ಟನ್ನು ಕಟ್ಟಬೇಕು. ಸಾಹಿತ್ಯ, ಶಾಸ್ತ್ರ, ಗಾಯನ ಮೂರೂ ಒಬ್ಬರಲ್ಲಿಯೇ ಕೂಡಿದ್ದುದರಿಂದ ಶರ್ಮರಿಗೆ ಇದು ಸಾಧ್ಯವಾಯಿತು. ಅವರು ನೂರಕ್ಕೂ ಹೆಚ್ಚು ಸಂಕೀರ್ತನೆಗಳಿಗೆ ಮಟ್ಟು ಕೂಡಿಸಿ ಸ್ವರಲಿಪಿ ಸಹಿತ ಪ್ರಕಟಿಸಿದರು. ಅವು ಹದಿನೈದನೆಯ ಶತಮಾನದ ಮಟ್ಟುಗಳಲ್ಲ, ಶರ್ಮರ ರಚನೆಗಳು; ಆದರೂ ಅವುಗಳಿಂದಲೇ ಪಟದ ಅಕ್ಷರ ಮತ್ತೆ ಹಾಡಾಯಿತು.

ಪಶ್ಚಿಮ ದೇಶದಲ್ಲಿಯೂ ಇಂತಹ ಸಾಧನೆ ನಡೆದಿದೆ. ಹಾರ್ಪ್ಸಿಕಾರ್ಡ್ ಎಂಬ ವಾದ್ಯ ನೋಟಕ್ಕೆ ಪಿಯಾನೋವನ್ನು ಹೋಲುತ್ತದೆ. ಆದರೆ ಪಿಯಾನೋದಲ್ಲಿ ಸುತ್ತಿಗೆ ತಂತಿಯನ್ನು ಬಡಿದರೆ, ಇದರಲ್ಲಿ ಗರಿಯ ಮೊನೆ ತಂತಿಯನ್ನು ಮೀಟುತ್ತದೆ. ಪಿಯಾನೋದ ಪ್ರಾಬಲ್ಯದಿಂದ ಮೂಲೆ ಸೇರಿದ್ದ ಇದನ್ನು ವಾರ್ಸಾದಲ್ಲಿ ಜನಿಸಿದ ವಾಂಡಾ ಲಾಂಡೋವ್‌ಸ್ಕಾ (1879–1959) ಮತ್ತೆ ಸಭೆಗೆ ತಂದರು; ಬಾಖ್‌ನ ‘ಗೋಲ್ಡ್‌ಬರ್ಗ್ ವೇರಿಯೇಷನ್ಸ್’ ಕೃತಿಯನ್ನು 1933ರಲ್ಲಿ ಧ್ವನಿಮುದ್ರಿಸಿದರು. ಆಕೆಯ ಮುಂದೆ ಸ್ವರ ಬರೆದ ಹಾಳೆಗಳಿದ್ದವು, ಜನ ಮರೆತಿದ್ದುದು ವಾದ್ಯವನ್ನು. ಶರ್ಮರ ಮುಂದೆ ಸ್ವರವೇ ಇರಲಿಲ್ಲ.

ಮದ್ರಾಸಿನ ಸಂಗೀತ ಅಕಾಡೆಮಿಯು 1974ರಲ್ಲಿ ಅವರಿಗೆ ‘ಸಂಗೀತ ಕಲಾನಿಧಿ’ ಬಿರುದನ್ನಿತ್ತು ಗೌರವಿಸಿತು. 1979ರ ಮಾರ್ಚ್ 11ರಂದು ಅವರು ದಿವಂಗತರಾದರು.

ತಾಮ್ರದ ಮೇಲೆ ಕೆತ್ತಿಸಿದವರು ಹಾಡು ಶಾಶ್ವತವಾಗಲೆಂದೇ ಕೆತ್ತಿಸಿದರು. ತಾಮ್ರ ಉಳಿಯಿತು, ಮಟ್ಟು ಹೋಯಿತು. ನಮ್ಮ ಹಳ್ಳಿಗಳ ಹಿರಿಯರ ಕೊರಳಿನಲ್ಲಿರುವ ತತ್ತ್ವಪದ, ಸೋಬಾನೆ ಪದಗಳಿಗೆ ಆ ಗತಿ ಬರಬಾರದು. ಪದಗಳನ್ನು ಬರೆದುಕೊಳ್ಳುವುದರ ಜೊತೆಗೆ ಅವರ ಹಾಡಿಕೆಯನ್ನು ಧ್ವನಿಮುದ್ರಿಸಿಟ್ಟು, ಅವರೆದುರಿಗೇ ಮಕ್ಕಳಿಗೆ ಕಲಿಸುವ ಕಾರ್ಯವನ್ನು ಶಾಲೆಗಳು ಕೈಗೊಳ್ಳಬೇಕು. ಅವರಿರುವಾಗ ಇದು ಒಂದು ಮಧ್ಯಾಹ್ನದ ಕೆಲಸ. ಅವರು ಹೋದ ಮೇಲೆ ಶರ್ಮರಂತಹ ವಿದ್ವಾಂಸರ ಜೀವಮಾನದ ಸಾಧನೆ ಬೇಕಾಗುತ್ತದೆ.